ಮೊದಲ ಗಂಟೆಗೇ ಏಳುವವಳು

ಹೆಂಗಸರ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಸೋಮವಾರ, ತಿಂಡಿಯ ತಟ್ಟೆ ಎತ್ತಿಕೊಂಡು ಹೋದ ಮೇಲೆ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ದೇವರು ನಿನ್ನನ್ನೂ, ನೀನು ಓಡಿಸುವ ಬಸ್ಸನ್ನೂ, ಅದರ ಬಾಗಿಲಲ್ಲಿ ನೇತಾಡಿಕೊಂಡು ಹೋಗುವ ಜನರನ್ನೂ ಕಾಪಾಡಲಿ.

ಆಸ್ಪತ್ರೆಯಿಂದ ಬರೆಯುತ್ತಿರುವ ಮೂರನೆಯ ಕಾಗದ ಇದು. ಮೊದಲನೆಯದಕ್ಕೆ ನೀನು ಎರಡು ನೈಟಿ, ಒಂದು ಟವೆಲ್ಲು ಪಾರ್ಸಲ್ ಮಾಡಿದೆ. ಜೊತೆಗೆ ಒಂದು ಚೀಟಿಯಾದರೂ ಇರುತ್ತದೇನೋ ಎಂದು ನೈಟಿಯ ಜೇಬು, ಟವೆಲ್ಲಿನ ಮಡಿಕೆ, ಕೊನೆಗೆ ಸುತ್ತಿದ್ದ ಕಾಗದವನ್ನೂ ತಿರುವಿ ನೋಡಿದೆ. ಇರಲಿಲ್ಲ. ಎರಡನೆಯ ಕಾಗದದಲ್ಲಿ, ಬಂದು ನನ್ನನ್ನು ಬೇರೆ ಆಸ್ಪತ್ರೆಗೆ ಸಾಗಿಸು ಎಂದು ಕೇಳಿದ್ದೆ. ಅದಕ್ಕೆ ನೈಟಿಯೂ ಬರಲಿಲ್ಲ. ಬೈಯುತ್ತಿಲ್ಲ. ಕಾರಣ ಹೇಳದೆ ಕರೆದರೆ ಯಾರು ತಾನೇ ಬರುತ್ತಾರೆ? ಇವತ್ತು ಕಾರಣ ಹೇಳಿಬಿಡುತ್ತೇನೆ ಎಂದು ಪೆನ್ನು ಹಿಡಿದಿದ್ದೇನೆ, ಆದರೆ ಕೈ ಬೇರೆ ಬೇರೆ ಸುದ್ದಿಗೇ ಓಡುತ್ತಿದೆ.

ಮಂಡಿಚಿಪ್ಪು ಕೂಡಿಕೊಳ್ಳುತ್ತಿದೆಯಂತೆ. ವ್ಯಾಯಾಮ ಮಾಡಿಸುವಾತ ದಿನಕ್ಕೆ ಎರಡು ಸಲ ಬಂದು ನನ್ನ ಕಾಲನ್ನು ಕೈಪಂಪಿನ ಹಿಡಿಯಂತೆ ಎತ್ತಿ ಇಳಿಸಿ ಹೋಗುತ್ತಾನೆ. "ಸ್ವಲ್ಪ ನೋವು ತಡ್ಕೋಬೇಕಮ್ಮ" ಅನ್ನುತ್ತಾನೆ. ಇಪ್ಪತ್ತೆಂಟು ವರ್ಷ ಇದೇ ವಾರ್ಡಿನಲ್ಲಿ ನಾನು ಜನರಿಗೆ ಹೇಳಿದ ಮಾತು. ಅವನ ಬಾಯಲ್ಲಿ ಕೇಳಿದಾಗ ಕಿವಿ ಹಿಂಡಬೇಕು ಅನ್ನಿಸುತ್ತದೆ.

ಬಿದ್ದದ್ದು ಹೇಗೆ ಎಂದು ಬರೆದಿರಲಿಲ್ಲ ಅಲ್ಲವೇ? ನಾಚಿಕೆಯಾಗಿತ್ತು. ಭಾನುವಾರದ ಮಕ್ಕಳ ಪಾಠಕ್ಕೆ ಹೋಗುತ್ತಿದ್ದೆ. ಬಿತ್ತಿದ್ದನ್ನೇ ಕೊಯ್ಯಬೇಕು ಎನ್ನುವ ಪಾಠ. ಒದ್ದೆ ಹತ್ತಿಯಲ್ಲಿ ಮೊಳಕೆ ಬರಿಸಿದ ಕಾಳಿನ ತಟ್ಟೆ ಎರಡು ಕೈಯಲ್ಲಿ ಹಿಡಿದಿದ್ದೆ, ಚರ್ಚಿನ ಮೆಟ್ಟಿಲು ಕಾಣಲಿಲ್ಲ. ನಾನು ಒಂದು ಕಡೆ, ತಟ್ಟೆ ಒಂದು ಕಡೆ. ಆ ಪಾಠವೆಂದರೆ ನನಗೆ ಬಹಳ ಇಷ್ಟ, ನಿನಗೇ ಗೊತ್ತು. ಯಾರ ಮನೆಯಲ್ಲಿ ಏನು ಕೆಟ್ಟದ್ದಾದರೂ ಅವರು ಯಾವಾಗ, ಎಲ್ಲಿ, ಏನು ಬಿತ್ತಿದರು ಎಂದು ನಾನು ಕೂತಲ್ಲೇ ಲೆಕ್ಕ ಹಾಕಿ ಹೇಳಿಬಿಡುತ್ತಿದ್ದೆ. ಎದುರುಮನೆಯವರ ಮಗ ಪರೀಕ್ಷೆಯಲ್ಲಿ ಫೇಲಾದಾಗಲೂ ಹೇಳಿದ್ದೆ. ಆಮೇಲೆ ಅವರು ನಮ್ಮ ಮನೆಗೆ ಕಾಲಿಡಲಿಲ್ಲ.

ಈಗ ಕಾರಣಕ್ಕೆ ಬರುತ್ತೇನೆ. ಈ ವಾರ್ಡಿನ ಹೆಡ್ ನರ್ಸ್ ಯಾರು ಗೊತ್ತೇ? ಕಡ್ಡಿ. ಟ್ರೇನಿಂಗಿಗೆ ಬಂದಾಗ ಬಿಳಿ ಯೂನಿಫಾರ್ಮಿನೊಳಗೆ ಹುಡುಕಬೇಕಾಗುವಷ್ಟು ಸಣ್ಣಗಿದ್ದಳಲ್ಲ, ಅವಳೇ. ಹೆಸರಿಟ್ಟವಳು ನಾನು. ಈಗ ನೋಡಿದರೆ ಆ ಹೆಸರಿಗೆ ನಗು ಬರುತ್ತದೆ, ಬಾಗಿಲು ತುಂಬ ಬರುತ್ತಾಳೆ. ಇದೇ ಸಂಸ್ಥೆಯ ಬೇರೆ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ನಾನು ರಿಟೈರಾದ ಮರುವರ್ಷ ಇಲ್ಲಿಗೆ ಬಂದಳಂತೆ. ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅವಳ ಮುಖ. "ಹೇಗಿದ್ದೀರಾ ಸಿಸ್ಟರ್?" ಎಂದು ಕೇಳಿದಳು. ಅಲ್ಲೇ ನನ್ನ ಜಂಘಾಬಲ ಉಡುಗಿಹೋಯಿತು. ಹೇಗೂ ಒಂದು ಕಾಲಿನಲ್ಲಿ ಬಲವಿರಲಿಲ್ಲ, ಇನ್ನೊಂದರದ್ದೂ ಹೋಯಿತು.

ಅಂದಿನಿಂದ ಹನ್ನೆರಡು ದಿನ, ಅವಳು ಕೊಡುವ ಪ್ರತಿ ಮಾತ್ರೆಯನ್ನೂ ಬೆಳಕಿಗೆ ಹಿಡಿದು ನೋಡಿ ನುಂಗುತ್ತಿದ್ದೇನೆ. ಸೂಪು ಮೂಸಿ ನೋಡುತ್ತೇನೆ. ಅವಳಿಗೆ ನನ್ನ ಮೇಲೆ ತೀರಿಸಿಕೊಳ್ಳಬೇಕಾದ್ದು ಇದೆ. ಯಾಕೆ ಎಂದು ಬರೆಯಬೇಕು. ಬರೆಯುತ್ತೇನೆ. ವ್ಯಾಯಾಮದವನು ಬಂದ.

ಸೋಮವಾರ, ಮಧ್ಯಾಹ್ನ

ನೆಟ್ಟಗೆ ಕೂರಲಾಗುತ್ತಿಲ್ಲ, ಮಲಗಲೂ ಆಗುತ್ತಿಲ್ಲ. ದಿಂಬು ತಿರುವಿ ಹಾಕಿದೆ, ಕಿಟಕಿ ತೆಗೆಸಿದೆ, ಮುಚ್ಚಿಸಿದೆ. ನೋವಿನಿಂದಲ್ಲ. ಬೆಳಿಗ್ಗೆ ಪಾಸ್ಟರ್ ಬಂದಿದ್ದರು.

ಅವರು ಪ್ರಾರ್ಥನೆ ಮಾಡುತ್ತಿರುವಾಗ ನನ್ನ ಮೊಣಕೈ ತಗುಲಿ ಕರೆಗಂಟೆ ಒತ್ತಿಹೋಯಿತು. ಕಡ್ಡಿ ಓಡಿಬಂದಳು. ಏನೂ ಬೇಡ ಎಂದು ಕೈಸನ್ನೆ ಮಾಡಿದೆ, ಹೋದಳು. ಪಾಸ್ಟರಿಗೆ ಅದೇ ಸಾಕಾಯಿತು. "ನೋಡಿದ್ರಾ ಅಮ್ಮ, ಒಂದೇ ಗಂಟೆಗೆ ಹೇಗೆ ಓಡಿ ಬರ್ತಾರೆ! ನೀವು ಇದೇ ವಾರ್ಡಲ್ಲಿ ಬಿತ್ತಿದ್ದ ಸೇವೆ, ಈಗ ನೀವೇ ಕೊಯ್ತಿದ್ದೀರಿ" ಎಂದರು. ಕಣ್ಣೊರೆಸಿಕೊಂಡರು ಬೇರೆ. ನಾನು ಆಮೆನ್ ಎಂದೆ. ಇನ್ನೇನು ಹೇಳಲಿ? ಆ ಆಮೆನ್ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ.

ಯಾಕೆಂದರೆ ನಾನು ಬಿತ್ತಿದ್ದು ಏನು ಎಂದು ನನಗೆ ಗೊತ್ತು, ನಿನಗೂ ಗೊತ್ತು. ಮೊದಲ ಗಂಟೆ ಅಭ್ಯಾಸಕ್ಕೆ, ಎರಡನೆಯದು ಬೇಸರಕ್ಕೆ, ಮೂರನೆಯದು ಅಗತ್ಯಕ್ಕೆ. ಮೂರನೆಯದಕ್ಕೆ ಮಾತ್ರ ಏಳಬೇಕು. ಹೊಸದಾಗಿ ಬಂದ ಪ್ರತಿಯೊಬ್ಬ ನರ್ಸಿಗೂ ನಾನು ಕಲಿಸುತ್ತಿದ್ದ ಮೊದಲ ಪಾಠ ಅದು. ಡ್ಯೂಟಿ ರೂಮಿನ ಗೋಡೆಯ ಮೇಲೆ ಹಾಸಿಗೆಗೊಂದು ಪುಟ್ಟ ಬಲ್ಬು ಇರುತ್ತಿತ್ತಲ್ಲ, ಅದು ಹತ್ತಿದೊಡನೆ ಎದ್ದವರನ್ನು ನಾನು ಕಣ್ಣಿನಲ್ಲೇ ಕೂರಿಸುತ್ತಿದ್ದೆ. ರೋಗಿಗಳನ್ನು ತಲೆ ಮೇಲೆ ಕೂರಿಸಿಕೊಳ್ಳಬಾರದು ಎನ್ನುತ್ತಿದ್ದೆ. ಮನೆಯಲ್ಲೂ ಹಾಗೇ ಮಾಡಿದೆ. ನೀನು "ಅಮ್ಮಾ" ಎಂದು ಮೂರು ಸಲ ಕರೆಯುವವರೆಗೆ ತಿರುಗುತ್ತಿರಲಿಲ್ಲ. ಶಿಸ್ತು ಎಂದುಕೊಂಡಿದ್ದೆ.

ಹಾಗಾದರೆ ಈ ಕಡ್ಡಿ ಯಾಕೆ ಮೊದಲ ಗಂಟೆಗೇ ಬರುತ್ತಾಳೆ? ಪಾಸ್ಟರ್ ಹೋದ ಮೇಲೆ ಪರೀಕ್ಷೆ ಮಾಡಿಯೇ ಬಿಡೋಣ ಎಂದು ಕೂತೆ. ಒತ್ತಿದೆ, ಬಂದಳು. ನೀರು ಕೇಳಿದೆ. ನೀರಿನ ಲೋಟ ನನ್ನ ಮೂಗಿನ ಕೆಳಗೇ ಇತ್ತು, ಕೈಗೆ ಕೊಟ್ಟು ಹೋದಳು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದೆ, ಗಂಟೆ ಎಷ್ಟಾಯಿತು ಎಂದು ಕೇಳಿದೆ. ಎದುರಿಗೇ ಗಡಿಯಾರ. ಹೇಳಿ ಹೋದಳು. ಪರದೆ ಎಳೆಸಿದೆ, ಬಿಡಿಸಿದೆ, ಚಪ್ಪಲಿಯ ದಿಕ್ಕು ಬದಲು ಮಾಡಿಸಿದೆ. ಹನ್ನೊಂದು ಸಲ, ಮಗಳೇ! ಹನ್ನೊಂದನೆಯ ಸಲ ಅವಳ ಕೈಯಲ್ಲಿ ಅರ್ಧ ಕಚ್ಚಿದ ಬ್ರೆಡ್ಡು ಇತ್ತು. ಊಟಕ್ಕೆ ಕೂತವಳು ಎದ್ದು ಬಂದಿದ್ದಳು.

ನನಗೆ ತಡೆಯಲಾಗಲಿಲ್ಲ. ನನ್ನ ಮೇಲೆ ನಿನಗೆ ಸಿಟ್ಟಿಲ್ಲವೇನೇ, ಯಾಕೆ ಹೀಗೆ ಓಡಿ ಬಂದು ಬಂದು ನನ್ನನ್ನು ಸಾಯಿಸುತ್ತೀಯ ಎಂದು ಕೇಳಿಬಿಟ್ಟೆ. ಅವಳು ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದಳು: "ನಿಮಗೋಸ್ಕರ ಅಂತ ಅಂದ್ಕೋಬೇಡಿ ಸಿಸ್ಟರ್. ಆ ಟೀಚರಮ್ಮ ಬಿದ್ದ ಶಬ್ದ ಇನ್ನೂ ನನ್ನ ಕಿವಿಯಲ್ಲಿದೆ. ಗಂಟೆ ಆದ್ರೆ ಕಾಲು ತಾನಾಗೇ ಎದ್ದುಬಿಡುತ್ತೆ, ನನ್ನ ಮಾತು ಕೇಳಲ್ಲ." ಚಪ್ಪಲಿಯನ್ನು ಮೊದಲಿದ್ದ ದಿಕ್ಕಿಗೇ ತಿರುಗಿಸಿ ಹೋದಳು.

ಟೀಚರಮ್ಮ. ಆ ಮಾತು ನಾನಲ್ಲ, ಅವಳು ಮೊದಲು ಎತ್ತಿದ್ದು. ಇನ್ನು ನಾನು ಬರೆಯದೆ ವಿಧಿಯಿಲ್ಲ. ಇವತ್ತು ಬೇಡ.

ಮಂಗಳವಾರ, ಹತ್ತು ಗಂಟೆ

ಇವತ್ತೂ ಬೇಡ ಎನ್ನುತ್ತಿದ್ದೆನೇನೋ. ಆದರೆ ಪಕ್ಕದ ಹಾಸಿಗೆಯಾಕೆ ಬಾಯಿ ತೆಗೆದಳು. ಆಕೆಯ ಗಂಡ ಈ ಆಸ್ಪತ್ರೆಯ ಆಫೀಸಿನಲ್ಲಿ ಕ್ಲಾರ್ಕಾಗಿದ್ದವನು. ಪಿತ್ತಕೋಶ ತೆಗೆಸಿಕೊಂಡಿದ್ದಾಳೆ, ನಾಲಗೆ ಮಾತ್ರ ಯಥಾಸ್ಥಿತಿಯಲ್ಲಿದೆ. ಯಾವ ಡಾಕ್ಟರಿಗೆ ಯಾವ ಡಾಕ್ಟರ ಜೊತೆ ಮಾತಿಲ್ಲ ಎಂಬುದರಿಂದ ಹಿಡಿದು ಎಲ್ಲ ಗೊತ್ತು.

ಗುರುವಾರ ಮೇಟ್ರನ್ ಹುದ್ದೆಗೆ ಸಂದರ್ಶನವಂತೆ. ಕಡ್ಡಿಯ ಹೆಸರೂ ಇದೆಯಂತೆ, ಆದರೆ ಸಿಗುವುದಿಲ್ಲವಂತೆ. ಹಿಂದೆ ಎರಡು ಸಲ ಹೀಗೇ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಂತೆ. "ಟ್ರೇನಿಂಗಲ್ಲಿದ್ದಾಗ ಏನೋ ಆಗಿತ್ತಂತಮ್ಮ. ರೋಗಿ ಗಂಟೆ ಹೊಡೆದ್ರೂ ಏಳದೆ ಕೂತಿದ್ದಳು ಅಂತ ಯಾರೋ ಮಹಾತಾಯಿ ಬರೆದು ಫೈಲಿಗೆ ಸೇರಿಸಿದ್ದಾಳೆ. ಪ್ರತಿ ಸಲ ಆ ಹಾಳೆ ಹೊರಗೆ ಬರುತ್ತೆ. ಪಾಪ, ಈ ವಾರ್ಡಲ್ಲಿ ಇವಳಷ್ಟು ಬೇಗ ಏಳೋರು ಯಾರಿದ್ದಾರೆ ಹೇಳಿ?" ಎಂದಳು. ಆ ಮಹಾತಾಯಿ ಯಾರೋ ಏನೋ ಎಂದು ನನ್ನ ಮುಖವನ್ನೇ ನೋಡಿದಳು, ಉತ್ತರಕ್ಕಾಗಿ. ನನಗೆ ಗೊತ್ತಿಲ್ಲ ಎಂದೆ. ಪಾಸ್ಟರ್ ಹೋಗಿ ಇನ್ನೂ ಒಂದು ದಿನ ಆಗಿರಲಿಲ್ಲ.

ಹಾಗಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ. ಆದರೆ ನನ್ನ ಬಾಯಿಂದ ಇದನ್ನು ನೀನು ಒಮ್ಮೆಯೂ ಕೇಳಿಲ್ಲ.

ಹತ್ತೊಂಬತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ. ನಿನಗೆ ಹನ್ನೊಂದು. ಸ್ಕೂಲು ಬಿಟ್ಟ ಮೇಲೆ ನೀನು ಡ್ಯೂಟಿ ರೂಮಿನ ಮೂಲೆಯ ಸ್ಟೂಲಿನಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ನಾನು ಮೇಜಿನ ಹತ್ತಿರ ಔಷಧಿಯ ಪಟ್ಟಿ ಬರೆಯುತ್ತಿದ್ದೆ. ಕಡ್ಡಿ ಹತ್ತಿ ಸುತ್ತುತ್ತಿದ್ದಳು. ಏಳನೆಯ ಹಾಸಿಗೆಯ ಬಲ್ಬು ಹತ್ತಿತು. ಅಲ್ಲಿದ್ದವರು ಒಬ್ಬರು ಹಳೆಯ ಸ್ಕೂಲ್ ಟೀಚರು, ತುಂಬ ಸಂಕೋಚದ ಹೆಂಗಸು, ಬೆಡ್‌ಪ್ಯಾನ್ ಕೇಳುವುದಕ್ಕೂ ಕ್ಷಮಿಸಿ ಎನ್ನುವವರು. ಕಡ್ಡಿ ಎದ್ದಳು. "ಕೂತ್ಕೋ, ಇನ್ನೂ ಒಂದೇ ಸಲ" ಎಂದೆ. ಕೂತಳು. ನೀನು ತಲೆ ಎತ್ತಿ, "ಅಮ್ಮಾ, ಬಲ್ಬು ಹತ್ತಿದೆ" ಎಂದೆ. ನಿನಗೂ ಅದನ್ನೇ ಹೇಳಿದೆ.

ಎರಡನೆಯ ಸಲ ಅವರು ಒತ್ತಲಿಲ್ಲ. ಅಂಥವರು ಎರಡನೆಯ ಸಲ ಒತ್ತುವುದಿಲ್ಲ ಎಂದು ನನ್ನ ನಿಯಮಕ್ಕೆ ಗೊತ್ತಿರಲಿಲ್ಲ. ತಾವೇ ಎದ್ದು ಹೋಗಲು ನೋಡಿದರು. ಬಿದ್ದ ಶಬ್ದ ನಾವು ಮೂವರೂ ಕೇಳಿದೆವು. ಸೊಂಟ ಮುರಿಯಿತು. ಆಮೇಲೆ ಅವರು ನಡೆಯಲಿಲ್ಲ.

ವಿಚಾರಣೆ ಎಂದರು. ಗಂಟೆ ಒತ್ತಿದ್ದು ನಿಜ, ಬಲ್ಬು ಹತ್ತಿದ್ದು ನಿಜ, ಎದುರಿಗಿದ್ದವರು ಯಾಕೆ ಏಳಲಿಲ್ಲ ಎಂಬುದು ಪ್ರಶ್ನೆ. ನಾನು ಸ್ಟೋರ್ ರೂಮಿನಲ್ಲಿದ್ದೆ, ಟ್ರೇನಿಂಗ್ ಹುಡುಗಿ ಒಬ್ಬಳೇ ಇದ್ದಳು ಎಂದೆ. ಅವಳು ಇಲ್ಲ, ಸಿಸ್ಟರ್ ಇದ್ದರು, ಅವರೇ ಕೂರು ಎಂದರು ಎಂದಳು. ಮಾತಿಗೆ ಮಾತು ನಿಂತಿತು. ಆಗ ದೊಡ್ಡ ಡಾಕ್ಟರಿಗೆ ನಿನ್ನ ನೆನಪಾಯಿತು. ಮಗು ಅಲ್ಲೇ ಇತ್ತಲ್ಲ, ಮಕ್ಕಳು ಸುಳ್ಳು ಹೇಳುವುದಿಲ್ಲ, ನಾಳೆ ಕರೆದುಕೊಂಡು ಬನ್ನಿ ಎಂದರು.

ಮರುದಿನ ಬೆಳಿಗ್ಗೆ ನಿನಗೆ ಜಡೆ ಹಾಕುತ್ತ ಕಲಿಸಿದೆ. "ಅಮ್ಮ ಇರಲಿಲ್ಲ" ಎಂದು ಹೇಳು. ನೀನು, "ಇದ್ದೆಯಲ್ಲಮ್ಮ" ಎಂದೆ. ಜಡೆ ಎಳೆದೆ. ಮತ್ತೆ ಹೇಳಿಸಿದೆ. ಕನ್ನಡಿಯಲ್ಲಿ ನಿನ್ನ ಮುಖ ಕಾಣುತ್ತಿತ್ತು, ನಾನು ಬೈತಲೆ ಮಾತ್ರ ನೋಡಿದೆ. ಎರಡನೆಯ ಜಡೆ ಮುಗಿಯುವಷ್ಟರಲ್ಲಿ ನಿನಗೆ ಪಾಠ ಬಂದಿತ್ತು. ದೊಡ್ಡ ಡಾಕ್ಟರ ಎದುರು ನೀನು ಒಂದು ಸಲವೂ ತಡವರಿಸದೆ ಹೇಳಿದೆ. ಅವರು ನಿನ್ನ ತಲೆ ಸವರಿ ಬರೆದುಕೊಂಡರು. ಕಡ್ಡಿ ಅಲ್ಲೇ ನಿಂತಿದ್ದಳು. ನಿನ್ನನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಅವಳ ಟ್ರೇನಿಂಗ್ ಒಂದು ವರ್ಷ ಮುಂದೆ ಹೋಯಿತು, ಫೈಲಿಗೆ ಹಾಳೆ ಸೇರಿತು.

ಯಾಕೆ ಮಾಡಿದೆ ಎಂದರೆ, ನಿಮ್ಮಪ್ಪ ತೀರಿಕೊಂಡು ಆರು ತಿಂಗಳಾಗಿತ್ತು, ಕೆಲಸ ಹೋದರೆ ಕ್ವಾರ್ಟರ್ಸ್ ಹೋಗುತ್ತದೆ, ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂಬ ಹೆದರಿಕೆ. ಹತ್ತೊಂಬತ್ತು ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡು ಬಂದೆ. ಹೆದರಿಕೆ ಇದ್ದದ್ದು ನಿಜ. ಆದರೆ ಹೆದರಿಕೆಗಿಂತ ದರ್ಪ ದೊಡ್ಡದಿತ್ತು. ನನ್ನ ನಿಯಮ ತಪ್ಪು ಎಂದು ಒಂದು ಕಡ್ಡಿಯಂಥ ಹುಡುಗಿಯ ಎದುರು ಒಪ್ಪಿಕೊಳ್ಳಬೇಕಾಗಿತ್ತು. ಅದು ನನ್ನಿಂದ ಆಗುತ್ತಿರಲಿಲ್ಲ.

ಮಂಗಳವಾರ, ಸಂಜೆ ಚಹಾ ಆದ ಮೇಲೆ

ಮೇಲಿನದನ್ನು ಓದಿ ನೋಡಿದೆ. ಹರಿಯಬೇಕೆನಿಸಿತು. ಹರಿಯಲಿಲ್ಲ, ಮಡಚಿ ದಿಂಬಿನಡಿ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಪಕ್ಕದಾಕೆ, "ಏನಮ್ಮ, ಕಾಗದಕ್ಕೆ ಕಾವು ಕೊಡ್ತಿದ್ದೀರಾ?" ಎಂದು ಕೇಳಿದಳು.

ಕೊಯ್ಲಿನ ವಿಷಯ ಬರೆಯದೆ ಈ ಕಾಗದ ಮುಗಿಯುವುದಿಲ್ಲ. ಕಡ್ಡಿ ಸೇಡು ತೀರಿಸಿಕೊಳ್ಳುತ್ತಾಳೆ, ಅದೇ ನನ್ನ ಕೊಯ್ಲು ಎಂದು ಹನ್ನೆರಡು ದಿನ ಹಾಸಿಗೆಯಲ್ಲಿ ಕಾದು ಕೂತಿದ್ದೆ. ಎಂಥ ಪೆದ್ದಿ ನಾನು! ಬೆಳೆ ಯಾವತ್ತೋ ಮನೆಯೊಳಗೇ ಬಂದಾಗಿತ್ತು.

ಆ ದಿನ ನಿನಗೆ ಒಂದು ಡಬ್ಬಿ ಬಣ್ಣದ ಪೆನ್ಸಿಲ್ ತಂದುಕೊಟ್ಟೆ. ನೀನು ಅದನ್ನು ತೆರೆಯಲೇ ಇಲ್ಲ. ಎರಡು ವರ್ಷದಲ್ಲಿ ನೀನು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದೆ ಎಂದರೆ ನನಗೇ ದಿಗಿಲಾಗುತ್ತಿತ್ತು. ಎಲ್ಲಿಗೆ ಹೋಗಿದ್ದೆ ಎಂದರೆ ಗೆಳತಿಯ ಮನೆಗೆ. ಮಾರ್ಕ್ಸ್ ಕಾರ್ಡು ಎಲ್ಲಿ ಎಂದರೆ ಇನ್ನೂ ಕೊಟ್ಟಿಲ್ಲ. ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಒಂದು ಸಲ ಸಿಕ್ಕಿಬಿದ್ದೆ. ಕಪಾಳಕ್ಕೆ ಹೊಡೆದು, ಸುಳ್ಳು ಹೇಳುವುದನ್ನು ಎಲ್ಲಿ ಕಲಿತೆ ಎಂದು ಕೂಗಾಡಿದೆ. ನೀನು ಅಳಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದೆ, ಉತ್ತರ ನಾನೇ ಹೇಳಲಿ ಎನ್ನುವಂತೆ. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ಶುರುಮಾಡಿದೆ, ತೊಳೆದಿದ್ದ ಪಾತ್ರೆಗಳನ್ನೇ.

ಹದಿನೆಂಟಕ್ಕೆ ಮನೆ ಬಿಟ್ಟೆ. ಬಸ್ ಓಡಿಸುವುದು ನನಗೆ ಇಷ್ಟವಿರಲಿಲ್ಲ, ಅದಕ್ಕೇ ಮಗಳು ಮುನಿಸಿಕೊಂಡಳು ಎಂದು ಎಲ್ಲರಿಗೂ ಹೇಳಿದೆ. ನಿನಗೂ ಕಾಗದದಲ್ಲಿ ಅದನ್ನೇ ಬರೆದೆ, ಎಷ್ಟೋ ಸಲ. ಬಸ್ಸಿನ ಮೇಲೆ ನನಗೆ ಯಾವ ಕೋಪವೂ ಇಲ್ಲ ಮಗಳೇ. ಸ್ಟಾಪಿನಲ್ಲಿ ಓಡಿಬರುವ ಮುದುಕಿಯರಿಗೆ ನೀನು ನಿಲ್ಲಿಸಿ ಕಾಯುತ್ತೀಯಂತೆ, ನಮ್ಮ ಚರ್ಚಿನವರೊಬ್ಬರು ನಿನ್ನ ಊರಿಗೆ ಬಂದಿದ್ದವರು ನೋಡಿ ಬಂದು ಹೇಳಿದರು. ಕೇಳಿದ ದಿನ ನನಗೆ ಊಟ ಸೇರಲಿಲ್ಲ, ಸಂತೋಷಕ್ಕೆ. ಅದನ್ನು ಅವತ್ತೇ ಬರೆಯಬಹುದಿತ್ತು.

ಈಗ ಗುರುವಾರಕ್ಕೆ ಬರುತ್ತೇನೆ. ನಡೆದದ್ದನ್ನು ಬರೆದು ಆಫೀಸಿಗೆ ಕೊಡಬೇಕು. ನಾನು ಅಲ್ಲೇ ಇದ್ದೆ, ನಾನೇ ಕೂರಿಸಿದೆ ಎಂದು ಬರೆಯುವುದು ಈಗ ಕಷ್ಟವಲ್ಲ. ಪೆನ್ಷನ್ ನಿಲ್ಲಿಸಿದರೆ ನಿಲ್ಲಿಸಲಿ, ಚರ್ಚಿನಲ್ಲಿ ಪಾಠ ಹೇಳಬೇಡ ಎಂದರೆ ಹೇಳುವುದಿಲ್ಲ. ಆದರೆ ಫೈಲಿನಲ್ಲಿರುವುದು ನನ್ನ ಮಾತೊಂದೇ ಅಲ್ಲ, ನಿನ್ನ ಮಾತೂ ಇದೆ. ನಿನ್ನ ಹೆಸರು ಎತ್ತದೆ ಬರೆದರೆ ಅವರು ಮೊದಲು ಕೇಳುವ ಪ್ರಶ್ನೆ, ಮಗು ಬೇರೆ ಹೇಳಿತ್ತಲ್ಲ ಎಂದು. ಮುದುಕಿಗೆ ಮರೆವು, ಹಳೆಯ ಶಿಷ್ಯೆಯ ಮೇಲೆ ಕನಿಕರ ಎಂದು ಬದಿಗಿಡುತ್ತಾರೆ. ನಿನ್ನ ಹೆಸರು ಎತ್ತಿದರೆ, ಇನ್ನೊಂದು ಸಲ ನಿನ್ನನ್ನು ಕೇಳದೆ ನಿನ್ನ ಬಾಯಿಯನ್ನು ಬಳಸಿಕೊಂಡಂತಾಗುತ್ತದೆ. ಕೇಳೋಣವೆಂದರೆ ಈ ಕಾಗದ ನಿನ್ನನ್ನು ಮುಟ್ಟಿ ಉತ್ತರ ಬರುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ. ಫೋನು ಮಾಡಿಸಿದೆ. ನೀನು ಎತ್ತಲಿಲ್ಲ. ಡ್ಯೂಟಿಯಲ್ಲಿ ಇದ್ದಿರಬೇಕು. ಮತ್ತೆ ಮಾಡಿಸಿದೆ. ಪಕ್ಕದಾಕೆಯ ಫೋನು, ಮೂರನೆಯ ಸಲ ಕೇಳಲು ಸಂಕೋಚವಾಯಿತು. ಸಂಕೋಚ ಎಂದರೆ ಏನು ಎಂದು ಅರವತ್ತಾರರಲ್ಲಿ ಕಲಿಯುತ್ತಿದ್ದೇನೆ.

ಕಡ್ಡಿಯನ್ನು ಕರೆದು ಕೇಳಿದೆ, ನಾಡಿದ್ದು ಸಂದರ್ಶನವಂತಲ್ಲ ಎಂದು. ಹೌದು ಎಂದಳು. ಆ ಹಾಳೆಯ ಬಗ್ಗೆ ಏನು ಹೇಳುತ್ತೀಯ ಎಂದೆ. ಜ್ವರ ನೋಡುವ ಕಡ್ಡಿಯನ್ನು ನನ್ನ ಬಾಯಿಗಿಟ್ಟಳು, ನಾನು ಇನ್ನೇನೂ ಕೇಳಲಾಗದ ಹಾಗೆ. ಆಮೇಲೆ ಹೇಳಿದಳು: "ನೀವು ಕೂರು ಅಂದ್ರಿ, ಕೂತೆ. ಏಳಬಹುದಿತ್ತು. ಅಷ್ಟು ನನ್ನ ಪಾಲಿಂದು, ಅದನ್ನ ಒಪ್ಕೋತೀನಿ. ಉಳಿದದ್ದು ನನ್ನದಲ್ಲ ಸಿಸ್ಟರ್, ಅದನ್ನ ನಾನು ಹೊರಲ್ಲ." ಜ್ವರವಿಲ್ಲ ಎಂದು ಬರೆದುಕೊಂಡು ಹೋದಳು.

ಬುಧವಾರ, ಬೆಳಿಗ್ಗೆ

ಬರೆದಾಯಿತು. ಎರಡು ಪುಟ. ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲೂ ನಿಮ್ಮಪ್ಪನ ಸಾವು ಎಲ್ಲಿಂದಲೋ ನುಸುಳಿ ಬಂದು ನನ್ನ ಪರವಾಗಿ ನಿಲ್ಲುತ್ತಿತ್ತು. ನಾಲ್ಕನೆಯದರಲ್ಲಿ ಅವರನ್ನು ನೆಮ್ಮದಿಯಾಗಿ ಮಲಗಲು ಬಿಟ್ಟೆ.

ನಿನ್ನ ವಿಷಯ ಹೀಗೆ ಬರೆದಿದ್ದೇನೆ: "ಹನ್ನೊಂದು ವರ್ಷದ ನನ್ನ ಮಗಳು ನಿಜ ಹೇಳಲು ಸಿದ್ಧಳಿದ್ದಳು. ಅವಳ ಜಡೆ ಹಿಡಿದು ಸುಳ್ಳು ಕಲಿಸಿದವಳು ನಾನು. ಅವಳ ಹೇಳಿಕೆ ಅವಳದಲ್ಲ, ನನ್ನದು." ನಿನ್ನ ಅಪ್ಪಣೆ ಪಡೆಯದೆ ಬರೆದೆ. ಇದೂ ತಪ್ಪೇ ಇರಬಹುದು. ನಿನಗೆ ಹಾಗೆ ಅನ್ನಿಸಿದರೆ ಬಂದು ಬೈ, ಕಾಗದದಲ್ಲಿ ಬೈ, ಫೋನಿನಲ್ಲಿ ಬೈ. ಬೈಯುವುದಕ್ಕಾದರೂ ಬಾ ಎನ್ನುವ ಆಸೆ ಇದರಲ್ಲಿ ಇಲ್ಲವೇ ಎಂದರೆ, ಇದೆ. ಮುಚ್ಚಿಡುವುದಿಲ್ಲ.

ಬೇರೆ ಆಸ್ಪತ್ರೆಗೆ ಸಾಗಿಸು ಎಂದು ಬರೆದದ್ದನ್ನು ಮರೆತುಬಿಡು. ಇಲ್ಲೇ ಇರುತ್ತೇನೆ. ಕ್ಷಮಿಸು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿ ಮತ್ತೆ ಕೆಳಗಿಟ್ಟೆ. ಆ ಮಾತನ್ನು ಮಲಗಿಕೊಂಡು ಬರೆಯುವುದಕ್ಕಿಂತ ನಿನ್ನ ಎದುರು ನಿಂತು ಹೇಳಬೇಕು. ನಿಲ್ಲಲು ಇನ್ನೂ ಎರಡು ವಾರ ಬೇಕಂತೆ.

ಅಂದು ಆ ಡ್ಯೂಟಿ ರೂಮಿನಲ್ಲಿ ಇದ್ದ,
ನಿನ್ನ ಅಮ್ಮ

ಮರೆಯುವ ಮುನ್ನ: ಲಕೋಟೆ ಅಂಟಿಸಿಯಾಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಬುಧವಾರ ಮಧ್ಯಾಹ್ನ. ಎರಡು ಪುಟವನ್ನು ಕಡ್ಡಿಯ ಕೈಗೆ ಕೊಟ್ಟು, ನೀನೇ ಓದಿ ಆಫೀಸಿಗೆ ತಲುಪಿಸು ಎಂದೆ. ಹಾಸಿಗೆಯ ಅಂಚಿನಲ್ಲಿ ಕೂತು ಓದಿದಳು. ರೋಗಿಯ ಹಾಸಿಗೆಯ ಮೇಲೆ ಕೂರಬಾರದು ಎಂಬುದೂ ನಾನು ಮಾಡಿದ್ದ ನಿಯಮವೇ. ಓದಿ ಮುಗಿಸಿ ಎದ್ದು ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದಳು. ನಾಲ್ಕಾಗಿ ಮಡಚಿದ ನೋಟ್‌ಬುಕ್ಕಿನ ಹಾಳೆಯೊಂದನ್ನು ನನ್ನ ಕೈಗಿಟ್ಟಳು. ಮಡಿಕೆಯಲ್ಲಿ ಹರಿದಿದ್ದನ್ನು ಅಂಟಿಸಿದ್ದಳು. ಅಕ್ಷರ ನಿನ್ನದು. ನಿನಗೆ ಹದಿನೇಳಿದ್ದಾಗಿನ ತಾರೀಕು. ನಡೆದದ್ದನ್ನೆಲ್ಲ ನೀನು ಅವಳಿಗೆ ಹದಿಮೂರು ವರ್ಷದ ಹಿಂದೆಯೇ ಬರೆದಿದ್ದೆ, ನನ್ನ ಎರಡು ಪುಟಕ್ಕಿಂತ ಚೊಕ್ಕವಾಗಿ.

ಇದನ್ನು ಇಟ್ಟುಕೊಂಡೂ ಎರಡು ಸಲ ಮೇಟ್ರನ್ ಹುದ್ದೆ ಕಳೆದುಕೊಂಡೆಯಾ ಎಂದು ಕೇಳಿದೆ. "ದೊಡ್ಡ ಮಾತೆಲ್ಲ ಬೇಡ ಸಿಸ್ಟರ್. ಸಿಟ್ಟು ಬಂದಾಗೆಲ್ಲ ಇದನ್ನ ಆಫೀಸಲ್ಲಿ ಬಿಸಾಕಿ ಬರೋಣ ಅಂತ ಹೊರಟಿದ್ದೀನಿ. ಬಾಗಿಲ ಹತ್ರ ಹೋಗಿ ಕೊನೇ ಸಾಲು ಓದ್ತಿದ್ದೆ, ವಾಪಸ್ ಬರ್ತಿದ್ದೆ" ಎಂದಳು. ನನ್ನ ಎರಡು ಪುಟ ತೆಗೆದುಕೊಂಡು ಆಫೀಸಿಗೆ ಹೋದಳು. ನಿನ್ನ ಹಾಳೆ ನನ್ನ ಹತ್ತಿರ ಬಿಟ್ಟು ಹೋದಳು.

ಕೊನೆಯ ಸಾಲು ಇದು: "ನಮ್ಮಮ್ಮ ಒಂದು ದಿನ ತಾವೇ ಹೇಳ್ತಾರೆ ಅಕ್ಕಾ. ಅಲ್ಲಿವರೆಗೂ ಇದನ್ನು ಯಾರಿಗೂ ತೋರಿಸಬೇಡಿ. ನಾನೂ ಕಾಯ್ತೀನಿ."

ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ ಎಂದು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ. ನೀನು ಕಾಯುತ್ತಿದ್ದೆ ಎಂದು ನನಗೆ ಗೊತ್ತಾಗಲಿಲ್ಲ, ಮಗಳೇ.